ರಕ್ತ ತೆಳು ಮಾಡುವ ಮಾತ್ರೆಗೆ ನಾನು ಒಪ್ಪಿದ್ದು ಹೇಗೆ

ಬೈಪಾಸ್ ಆದ ಮೂರನೇ ದಿನ, ಬೆಳಗಿನ ಜಾವ. ಮಾನಿಟರ್ ನೋಡಿದ ನರ್ಸ್ ಓಡಿಹೋಗಿ ಡಾಕ್ಟರನ್ನು ಕರೆತಂದರು. ನಾಡಿ 140ರ ಹತ್ತಿರ ಇತ್ತು, ಬಡಿತಕ್ಕೆ ತಾಳವೇ ಇರಲಿಲ್ಲ. ಏಟ್ರಿಯಲ್ ಫಿಬ್ರಿಲೇಶನ್, ಎಎಫ್ ಎಂದರು. ಹೃದಯದ ಆಪರೇಷನ್ ಆದ ನೂರು ಜನರಲ್ಲಿ 20ರಿಂದ 40 ಮಂದಿಗೆ ಇದು ಬರುತ್ತದಂತೆ. ಔಷಧಿ ಕೊಟ್ಟರು, ಮಾರನೇ ದಿನಕ್ಕೆ ಬಡಿತ ಸರಿಹೋಯಿತು.

ಡಿಸ್ಚಾರ್ಜ್ ಹೊತ್ತಿಗೆ ರಕ್ತ ತೆಳು ಮಾಡುವ ಮಾತ್ರೆಯ ಮಾತು ಬಂತು. ನಾನು ಬೇಡ ಎಂದೆ. ನಮ್ಮಣ್ಣ ಇಂಥದ್ದೇ ಮಾತ್ರೆ ತಗೊಂಡು, ಹೊಟ್ಟೆಯಲ್ಲಿ ರಕ್ತಸ್ರಾವವಾಗಿ ಐಸಿಯು ಸೇರಿದ್ದ. ಬಡಿತ ಸರಿಯಾಗಿರುವಾಗ ಸುಮ್ನೆ ಯಾಕೆ ಅಪಾಯ ಅನ್ನಿಸಿತು.

ಡಾಕ್ಟರ್ ಬೇಸರ ಮಾಡಿಕೊಳ್ಳಲಿಲ್ಲ. ಎಎಫ್ ಇದ್ದಾಗ ಹೃದಯದ ಮೇಲಿನ ಕೋಣೆ ಸರಿಯಾಗಿ ಕುಗ್ಗದೆ ಬರೀ ಅದುರುತ್ತದೆ. ಎಡಗಡೆ ಕೋಣೆಗೆ ಅಂಟಿಕೊಂಡ ಸಣ್ಣ ಚೀಲದಂಥ ಭಾಗದಲ್ಲಿ ರಕ್ತ ನಿಂತು ಹೆಪ್ಪುಗಟ್ಟಬಹುದು. ಆ ಹೆಪ್ಪು ಮಿದುಳಿಗೆ ಹೋದರೆ ಲಕ್ವ. ಆಮೇಲೆ ಲಕ್ವದ ಅಪಾಯ ಎಷ್ಟಿದೆ ಎಂದು ಅಳೆಯುವ ಅಂಕವನ್ನು ನನಗೆ ಲೆಕ್ಕ ಹಾಕಿ ಕಾಗದದಲ್ಲಿ ಬರೆದರು. ವಯಸ್ಸು 68, ಅದಕ್ಕೆ 1. ಬಿಪಿಗೆ 1, ಶುಗರ್‌ಗೆ 1, ರಕ್ತನಾಳದ ಕಾಯಿಲೆಗೆ 1. ಒಟ್ಟು 4. ಮಾಮೂಲಿ ಎಎಫ್ ಆದರೆ ಗಂಡಸರಿಗೆ 2 ಬಂದರೆ ಸಾಕು, ಮಾತ್ರೆ ಕೊಡುತ್ತಾರೆ. ಆಪರೇಷನ್ ಆದಮೇಲೆ ಬಂದು ಹೋಗುವ ಎಎಫ್‌ಗೆ ಈ ಲೆಕ್ಕ ಅಷ್ಟು ಖಚಿತವಲ್ಲ ಎಂದೂ ಮುಚ್ಚಿಡದೆ ಹೇಳಿದರು. ಅದನ್ನು ಹೇಳಿದ್ದಕ್ಕೇ ನನಗೆ ಅವರ ಮೇಲೆ ನಂಬಿಕೆ ಬಂತು.

"ಜೀವನಪೂರ್ತಿ ತಗೋಬೇಕಾ ಸಾರ್?" ಎಂದೆ. "ಸದ್ಯಕ್ಕೆ 60 ದಿನ. ಆಮೇಲೆ ಬಡಿತ ನೋಡಿ ಮತ್ತೆ ಕೂತು ಮಾತಾಡೋಣ" ಎಂದರು.

ಅಂದು ಸಂಜೆ ಅತ್ತಿಗೆಗೆ ಫೋನ್ ಮಾಡಿದೆ. ಅಣ್ಣ ಮಂಡಿನೋವಿಗೆಂದು ಅಂಗಡಿಯಿಂದ ನೋವಿನ ಮಾತ್ರೆ ತಂದು ದಿನಾ ನುಂಗುತ್ತಿದ್ದನಂತೆ, ಡಾಕ್ಟರಿಗೆ ಹೇಳಿರಲಿಲ್ಲ. ರಕ್ತ ತೆಳು ಮಾಡುವ ಮಾತ್ರೆಯ ಜೊತೆ ಅಂಥ ಮಾತ್ರೆ ಸೇರಿದರೆ ರಕ್ತಸ್ರಾವದ ಅಪಾಯ ಜಾಸ್ತಿ. ಅಣ್ಣನ ಕಥೆ ನನ್ನ ಕಥೆ ಆಗಬೇಕಿಲ್ಲ ಅಲ್ವಾ? ನನ್ನ ಹಿಮೋಗ್ಲೋಬಿನ್, ಕಿಡ್ನಿ ಹೇಗಿದೆ ಎಂದು ತೋರಿಸುವ ಕ್ರಿಯಾಟಿನಿನ್ ಎರಡೂ ಸರಿಯಿದ್ದವು. ಹಿಂದೆಂದೂ ಹೊಟ್ಟೆ ಹುಣ್ಣು ಆಗಿರಲಿಲ್ಲ. ಒಪ್ಪಿದೆ.

ರಕ್ತ ತೆಳು ಮಾಡುವ ಮಾತ್ರೆಗಳಲ್ಲಿ ವಾರ್ಫರಿನ್ ಕಡಿಮೆ ಬೆಲೆಗೆ ಸಿಗುತ್ತದೆ. ಆದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಹೇಳುವ ಐಎನ್‌ಆರ್ ಎಂಬ ಅಳತೆ 2ರಿಂದ 3ರ ಒಳಗೆ ಇರಬೇಕು, ಆಗಾಗ ರಕ್ತ ಕೊಡಬೇಕು, ಸೊಪ್ಪು ಒಂದು ವಾರ ಜಾಸ್ತಿ ಒಂದು ವಾರ ಕಡಿಮೆ ತಿಂದರೆ ಏರುಪೇರು. ನಮ್ಮ ಮನೆಯಲ್ಲಿ ಬಸ್ಸಾರು ಇಲ್ಲದ ವಾರವಿಲ್ಲ. ಹಾಗಾಗಿ ಅಪಿಕ್ಸಬಾನ್ ಎಂಬ ಇನ್ನೊಂದು ಮಾತ್ರೆ ಆರಿಸಿಕೊಂಡೆವು, 5 ಮಿಲಿಗ್ರಾಂ, ದಿನಕ್ಕೆ ಎರಡು ಸಲ. ಆಸ್ಪಿರಿನ್ ಬೈಪಾಸ್‌ಗೆಂದು ಕೊಟ್ಟದ್ದು, ಅದನ್ನೇನು ಮಾಡಬೇಕು ಎಂದೂ ಅವರನ್ನೇ ಕೇಳಿ ಬರೆಸಿಕೊಂಡೆ. ಮಲ ಕಪ್ಪಗಾದರೆ, ತಲೆಗೆ ಪೆಟ್ಟಾದರೆ ಕಾಯದೆ ಬನ್ನಿ ಎಂದಿದ್ದನ್ನು ಮನೆಯವಳು ಫ್ರಿಜ್ ಬಾಗಿಲಿಗೆ ಅಂಟಿಸಿದಳು.

60 ದಿನ ಮುಗಿದವು. ಎದೆಯಲ್ಲಿ ಏನೂ ಗೊತ್ತಾಗುತ್ತಿರಲಿಲ್ಲ, ಇನ್ನು ನಿಲ್ಲಿಸುತ್ತಾರೆ ಎಂದೇ ಹೋದೆ. ಹೃದಯದ ಬಡಿತವನ್ನು ಬಿಡದೆ ದಾಖಲಿಸುವ ಹೋಲ್ಟರ್ ಎಂಬ ಸಣ್ಣ ಯಂತ್ರ ಕಟ್ಟಿ ಕಳಿಸಿದರು. ರಾತ್ರಿ ಎರಡು ಗಂಟೆಗೆ, ನಾನು ನಿದ್ದೆಯಲ್ಲಿದ್ದಾಗ, ಅದೇ ತಾಳ ತಪ್ಪಿದ ಬಡಿತ 40 ನಿಮಿಷ ಓಡಿತ್ತು. ಈ ಸಲ ಡಾಕ್ಟರ್ ಕೇಳುವ ಮೊದಲೇ ನಾನು ಮುಂದುವರಿಸೋಣ ಎಂದೆ.