ಚಳಿಗಾಲದ ಸ್ಪೆಕ್‌ಗೆ ಬೆಳಗಿನ ಜಾವ ಬೇಡ: ಗ್ಯಾಲ್ವೆಸ್ಟನ್ ವೆಸ್ಟ್ ಬೇಯಲ್ಲಿ ನನ್ನ ಅನುಭವ

ಜನವರಿಯಲ್ಲಿ, ದೋಣಿ ಇಲ್ಲದೆ, ಜೀವಂತ ಸಿಗಡಿ ಇಲ್ಲದೆ, ಅದೂ ಮಧ್ಯಾಹ್ನ ಊಟ ಮುಗಿಸಿಕೊಂಡು ಟೆಕ್ಸಾಸಿನ ಗ್ಯಾಲ್ವೆಸ್ಟನ್ ಬಳಿಯ ವೆಸ್ಟ್ ಬೇ ಕೊಲ್ಲಿಗೆ ಕಾಲ್ನಡಿಗೆಯಲ್ಲೇ ಗಾಳ ಹಾಕಲು ಇಳಿಯುತ್ತೇನೆ ಎಂದರೆ ಹ್ಯೂಸ್ಟನ್ನಿನ ಗಾಳದ ಬಳಗದಲ್ಲಿ ಒಬ್ಬರೂ ಒಪ್ಪುತ್ತಿರಲಿಲ್ಲ. ಈಗ ಮೂರು ಚಳಿಗಾಲದ ಲೆಕ್ಕ ಕೈಯಲ್ಲಿದೆ. ಸುಮಾರು 60 ಸಲ ಇಳಿದಿದ್ದೇನೆ, 40ಕ್ಕೂ ಹೆಚ್ಚು ಸಲ ಅಳತೆಯ ಸ್ಪೆಕ್ (ಚುಕ್ಕೆ ಮೈಯ ಸ್ಪೆಕಲ್ಡ್ ಟ್ರೌಟ್) ಅಥವಾ ರೆಡ್ (ರೆಡ್‌ಫಿಶ್) ಸಿಕ್ಕಿದೆ. ದೊಡ್ಡದು 27 ಇಂಚಿನ ಸ್ಪೆಕ್. ದೋಣಿಯಲ್ಲಿ ಸುತ್ತುವವರಿಗೂ ಈ ತಿಂಗಳುಗಳಲ್ಲಿ ಇಷ್ಟು ಬಿದ್ದದ್ದನ್ನು ನಾನು ಹೆಚ್ಚು ಕಂಡಿಲ್ಲ.

ಇಡೀ ಪದ್ಧತಿ ನಿಂತಿರುವುದು 12 ಡಾಲರಿನ ಥರ್ಮಾಮೀಟರ್ ಮೇಲೆ. ಉತ್ತರದ ಫ್ರಂಟ್ (ಜೋರು ಚಳಿಗಾಳಿಯ ಅಲೆ) ಬಂದ ಮೊದಲ ದಿನ ಮನೆಯಲ್ಲೇ ಇರಿ. ಗಾಳಿ ನೀರನ್ನು ಕೊಲ್ಲಿಯಿಂದ ಹೊರಗೆ ತಳ್ಳಿರುತ್ತದೆ, ಮೀನು ಕಾಲುವೆಗಳ ಆಳದಲ್ಲಿ ಬಾಯಿ ಮುಚ್ಚಿಕೊಂಡಿರುತ್ತದೆ. ಎರಡನೆಯ ಅಥವಾ ಮೂರನೆಯ ದಿನ ಗಾಳಿ ಪೂರ್ವಕ್ಕೆ, ಆಮೇಲೆ ಆಗ್ನೇಯಕ್ಕೆ ತಿರುಗುತ್ತದೆ. ಬಿಸಿಲು ಬಿದ್ದ ಕಪ್ಪು ಕೆಸರಿನ ಮೇಲೆ ಎರಡು ಮೂರು ಅಡಿ ನೀರು ವಾಪಸ್ ಬಂದಿರಬೇಕು, ಪಕ್ಕದಲ್ಲೇ ಐದಾರು ಅಡಿಯ ಗುಂಡಿಯೋ ಕಾಲುವೆಯೋ ಇರಬೇಕು. ಆ ಕೆಸರು ಕಾಲುವೆಗಿಂತ ಮೂರು ನಾಲ್ಕು ಡಿಗ್ರಿ ಬೆಚ್ಚಗಾಗುವುದು ಮಧ್ಯಾಹ್ನ ಎರಡರ ನಂತರವೇ. ಕಾಲುವೆಯಲ್ಲಿ 51 ಡಿಗ್ರಿ ಫ್ಯಾರನ್‌ಹೀಟ್, ಕೆಸರಿನ ಮೇಲೆ 55 ಎಂದರೆ ನಾನು ಅಲ್ಲಿಂದ ಕದಲುವುದಿಲ್ಲ. ಎರಡೂ ಕಡೆ ಒಂದೇ ಅಂಕಿ ಬಂದರೆ ಜಾಗ ಬದಲಿಸುತ್ತೇನೆ. 50ಕ್ಕಿಂತ ಕೆಳಗಿದ್ದರೆ ಗಾಳ ಬಿಚ್ಚುವುದೇ ಇಲ್ಲ. ಥರ್ಮಾಮೀಟರನ್ನು ದಾರ ಕಟ್ಟಿ ಮೊಣಕಾಲಿನ ಮಟ್ಟಕ್ಕೆ ಇಳಿಸಿ ಒಂದು ನಿಮಿಷ ಬಿಡಿ. ಮೇಲ್ಮೈಯ ಅಂಕಿ ಎರಡು ಡಿಗ್ರಿ ಸುಳ್ಳು ಹೇಳುತ್ತದೆ.

ಮೊದಲ ಚಳಿಗಾಲ ಪೂರ್ತಿ ಹಾಳಾದದ್ದು ಉಬ್ಬರ-ಇಳಿತದ ಪಟ್ಟಿ ನಂಬಿದ್ದರಿಂದ. ಇಲ್ಲಿನ ಉಬ್ಬರವೇ ಒಂದೆರಡು ಅಡಿ. ಜೋರು ಉತ್ತರದ ಗಾಳಿ ಒಂದೂವರೆ ಅಡಿ ನೀರನ್ನು ಸುಮ್ಮನೆ ಕೊಂಡೊಯ್ಯುತ್ತದೆ. ಪಟ್ಟಿಯಲ್ಲಿ ಉಬ್ಬರ ಎಂದಿರುವ ಹೊತ್ತಿಗೆ ಸಿಂಪಿ ದಿಬ್ಬಗಳು ಒಣಗಿ ನಿಂತಿರುತ್ತವೆ. ಈಗ ಹೊರಡುವ ಮೊದಲು ಗ್ಯಾಲ್ವೆಸ್ಟನ್ ಪಿಯರ್ 21ರಲ್ಲಿರುವ ನೋವಾ (ಅಮೆರಿಕದ ಸಾಗರ-ಹವಾಮಾನ ಸಂಸ್ಥೆ) ನೀರಿನ ಮಟ್ಟದ ಮಾಪಕದಲ್ಲಿ ಎರಡು ಅಂಕಿ ನೋಡುತ್ತೇನೆ, ಅಂದಾಜಿನ ಮಟ್ಟ ಮತ್ತು ನಿಜವಾಗಿ ಅಳೆದ ಮಟ್ಟ. ಅಳೆದ ಮಟ್ಟ ಅಂದಾಜಿಗಿಂತ ಒಂದು ಅಡಿಗೂ ಹೆಚ್ಚು ಕೆಳಗಿದ್ದರೆ ಹೋಗಬೇಡಿ. ಆ ವ್ಯತ್ಯಾಸ ಗಂಟೆಗಂಟೆಗೆ ಕಡಿಮೆಯಾಗುತ್ತಿದ್ದರೆ ಕಾರು ಹತ್ತಿ. ಕೊಲ್ಲಿಯ ಒಳಭಾಗಕ್ಕೆ ಆ ನೀರು ಮುಟ್ಟಲು ಇನ್ನೂ ಕೆಲವು ಗಂಟೆ ಬೇಕು, ಅಷ್ಟರಲ್ಲಿ ನೀವೂ ಮುಟ್ಟುತ್ತೀರಿ.

ಎರಡನೆಯ ತಪ್ಪು ಭಾರ. ಕಾಲು ಔನ್ಸ್ ಜಿಗ್‌ಹೆಡ್ (ತಲೆಗೆ ಸೀಸದ ಗುಂಡಿರುವ ಗಾಳ) ಕೆಸರಿನಲ್ಲಿ ಹೂತು ಹೋಗುತ್ತದೆ, ಪ್ರತಿ ಎಸೆತಕ್ಕೂ ಗಾಳದ ತುದಿಯಲ್ಲಿ ಒಂದು ಮುದ್ದೆ ಮಣ್ಣು. 1/8ಕ್ಕೆ ಇಳಿದೆ, ಆಮೇಲೆ 1/16ಕ್ಕೆ. ಕೊನೆಗೆ ಮುಕ್ಕಾಲು ಪಾಲು ಹೊತ್ತು ನಿಧಾನ ಮುಳುಗುವ ಮೆತ್ತನೆಯ ಟ್ವಿಚ್‌ಬೈಟ್‌ಗೇ (ಸಣ್ಣ ಮೀನಿನಂತೆ ಕಾಣುವ ನಕಲಿ ಎರೆ, ಅಂದರೆ ಲ್ಯೂರ್) ಬಂದು ನಿಂತೆ. ಎರಡು ಸಣ್ಣ ಜಗ್ಗು, ಎಂಟು ಸೆಕೆಂಡ್ ಬಿಡುವು. ಎಂಟು ಎಂದರೆ ಎಂಟೇ; ಬಾಯಲ್ಲಿ ಎಣಿಸದಿದ್ದರೆ ಕೈ ನಾಲ್ಕಕ್ಕೇ ಜಗ್ಗುತ್ತದೆ. ತಣ್ಣೀರಿನ ಸ್ಪೆಕ್ ಹೊಡೆಯುವುದಿಲ್ಲ, ಒದ್ದೆ ಬಟ್ಟೆ ಸಿಕ್ಕಿಕೊಂಡಂತೆ ಭಾರವಾಗುತ್ತದೆ ಅಷ್ಟೆ. ಆಗ ಎಳೆದು ಹೊಡೆದರೆ ಕಾಗದದಂಥ ಬಾಯಿ ಹರಿದು ಹೋಗುತ್ತದೆ. ರಾಡನ್ನು ಪಕ್ಕಕ್ಕೆ ಒರಗಿಸಿ ದಾರ ಬಿಗಿ ಮಾಡಿದರೆ ಸಾಕು. ರೀಲಿನ ಡ್ರ್ಯಾಗ್ (ದಾರ ಜಾರಲು ಬೇಕಾದ ಬಿಗಿ) ಮೂರು ಪೌಂಡ್ ಆಸುಪಾಸು, ತಕ್ಕಡಿ ಹಿಡಿದು ಎಳೆದು ನೋಡಿ.

ಇನ್ನೊಂದು ವಿಷಯ ಯಾರೂ ಹೇಳಿಕೊಡಲಿಲ್ಲ. ಒಂದೇ ಟ್ವಿಚ್‌ಬೈಟ್ ಒಂದು ವಾರ ಸರಿಯಾಗಿ ನಿಲ್ಲುತ್ತದೆ, ಮುಂದಿನ ವಾರ ಮೇಲೇಳುತ್ತದೆ. ತಣ್ಣಗಿನ, ಹೆಚ್ಚು ಉಪ್ಪಿನ ನೀರು ಸಾಂದ್ರ, ಅದು ಲ್ಯೂರನ್ನು ಎತ್ತುತ್ತದೆ. ದೊಡ್ಡ ಮಳೆ ಬಿದ್ದು ನೀರು ಸಪ್ಪೆಯಾದಾಗ ಅದೇ ಲ್ಯೂರ್ ಮುಳುಗುತ್ತದೆ. ಇದರ ಮೇಲೆ ನಾನು ಮೂರು ಮುಳ್ಳಿನ ಗಾಳಗಳನ್ನು ತೆಗೆದು ಒಂಟಿ ಗಾಳ ಹಾಕಿದ್ದೇನೆ, ಹಾಗಾಗಿ ತೂಕ ಇನ್ನೂ ಕಮ್ಮಿ. ಪರಿಹಾರ ಸುಲಭ: ಗಾಳದ ಕಾಲಿಗೆ ತೆಳುವಾದ ಸೀಸದ ತಂತಿ ಸುತ್ತಿ, ಕಾಲ ಬಳಿಯ ನೀರಿನಲ್ಲೇ ಬಿಟ್ಟು ನೋಡಿ, ಒಂದು ಅಡಿ ಇಳಿಯಲು ಮೂರು ನಾಲ್ಕು ಸೆಕೆಂಡ್ ತೆಗೆದುಕೊಳ್ಳುವಂತೆ ಕತ್ತರಿಸುತ್ತಾ ಬನ್ನಿ. ಹಿಂದಿನ ಗಾಳಕ್ಕೋ ಮುಂದಿನದಕ್ಕೋ ಎಷ್ಟು ಸುತ್ತು ಎಂಬುದು ನನ್ನ ಬಳಿಯೇ ಇರಲಿ. ಆ ಸಮತೋಲ ಹುಡುಕಲು ನನಗೆ ಎರಡು ಜನವರಿ ಹಿಡಿದಿದೆ.

ಒಂಟಿ ಗಾಳ ಯಾಕೆ ಎಂದರೆ, 2021ರ ಫೆಬ್ರವರಿಯ ಹಿಮದಲ್ಲಿ ಟೆಕ್ಸಾಸ್ ಕರಾವಳಿಯಲ್ಲಿ 38 ಲಕ್ಷದಷ್ಟು ಮೀನು ಸತ್ತವು, ಸ್ಪೆಕ್‌ಗೆ ದೊಡ್ಡ ಪೆಟ್ಟು ಬಿತ್ತು. 2024ರಿಂದ ಒಬ್ಬರು ದಿನಕ್ಕೆ ಇಟ್ಟುಕೊಳ್ಳಬಹುದಾದದ್ದು ಮೂರೇ ಸ್ಪೆಕ್, 15ರಿಂದ 20 ಇಂಚು. ಚಳಿಗಾಲದಲ್ಲಿ ಈ ಕೆಸರಿನಲ್ಲಿ ಸಿಗುವುದರಲ್ಲಿ ಅರ್ಧ 20 ದಾಟಿರುತ್ತವೆ. ಅವು ಹೆಚ್ಚಾಗಿ ಮೊಟ್ಟೆ ಇಡುವ ದೊಡ್ಡ ಹೆಣ್ಣುಗಳು, ಗಾಯವಿಲ್ಲದೆ ವಾಪಸ್ ಹೋಗಬೇಕು. ಕೈ ಒದ್ದೆ ಮಾಡಿಕೊಳ್ಳಿ, ರಬ್ಬರ್ ಬಲೆಯನ್ನು ನೀರಿನಿಂದ ಎತ್ತಬೇಡಿ. ಒಂಟಿ ಗಾಳದಿಂದ ತಪ್ಪಿಹೋಗುವ ಮೀನು ನನ್ನ ಲೆಕ್ಕದಲ್ಲಿ ಹೆಚ್ಚಾಗಿಲ್ಲ.

ನಡಿಗೆಯ ವಿಷಯದಲ್ಲೂ ಸೋತಿದ್ದೇನೆ. ಒಂದು ಮಧ್ಯಾಹ್ನ ಒಂದು ಮೈಲಿ ನಡೆದರೆ ಮೀನು ಸಿಗುವುದಿಲ್ಲ. ಐದು ಎಸೆತಕ್ಕೆ ಎರಡು ಹೆಜ್ಜೆ, ಅಷ್ಟೇ. ಕೆಸರಿನ ಮೋಡ ನಿಮ್ಮ ಮುಂದೆ ಹೋಗುತ್ತಿದ್ದರೆ ನಿಂತುಬಿಡಿ. ಮೀನಗಂಡಕ್ಕಿಂತ ಮೇಲೆ ಹೂಳು ಬಂದರೆ ಬಂದ ದಾರಿಯಲ್ಲೇ ಹಿಂದಿರುಗಿ, ವೇಡರ್‌ನ (ನೀರಿಗಿಳಿಯಲು ತೊಡುವ ನೀರು ಸೋರದ ಉಡುಪು) ಸೊಂಟಪಟ್ಟಿ ಯಾವತ್ತೂ ಬಿಗಿಯಾಗಿರಲಿ. ಸ್ಪೆಕ್ ತಿನ್ನುವ ಮಲೆಟ್ ಮೀನು ಒಂದೇ ಒಂದು ಹಾರಿದರೂ ಸಾಕು, ಜನವರಿಯಲ್ಲಿ ಅದು ಇಡೀ ಗುಂಪಿಗೆ ಸಮ.

ಖರ್ಚು: ಏಳಡಿಯ ಮೀಡಿಯಂ ಲೈಟ್ ರಾಡ್, 2500 ಸೈಜಿನ ರೀಲ್ ಸೇರಿ 180 ಡಾಲರ್. ನಿಯೋಪ್ರೀನ್ ವೇಡರ್ 160, ಬೂಟು 90. ಮೊದಲು ಕೊಂಡ 60 ಡಾಲರಿನ ವೇಡರ್ ಐದನೇ ಸಲಕ್ಕೆ ತೊಡೆಯ ಹೊಲಿಗೆಯಲ್ಲಿ ಸೋರಿತು. ಅಂಟು ಹಚ್ಚಿ ಇನ್ನೆರಡು ಸಲ ನಡೆಸಿದೆ, ದಂಡ. ಲ್ಯೂರ್ ಒಂದಕ್ಕೆ 10-12 ಡಾಲರ್, ಸಿಂಪಿಗೆ ವರ್ಷಕ್ಕೆ ಏಳೆಂಟು ಹೋಗುತ್ತವೆ. 30 ಪೌಂಡ್ ಬ್ರೇಡ್ (ಹೆಣೆದ ದಾರ) ಗಾಳಿಗೆ ಗಂಟಾಗುತ್ತಿತ್ತು, 15ಕ್ಕೆ ಇಳಿದು ಎರಡಡಿ 20 ಪೌಂಡ್ ಫ್ಲೋರೋಕಾರ್ಬನ್ ದಾರ ತುದಿಗೆ ಕಟ್ಟಿದ ಮೇಲೆ ಆ ಕಾಟ ತಪ್ಪಿತು. ಇಡೀ ಸಜ್ಜು ಸೇರಿಸಿದರೂ ಗೈಡ್ ದೋಣಿಯ ಒಂದು ಅರ್ಧ ದಿನದ ಬಾಡಿಗೆಯ ಆಸುಪಾಸೇ.

ನಡುವೆ ಒಂದು ಪ್ರಯೋಗ. ಊರಿನಲ್ಲಿ ಸಿಗಡಿ ಒಣಗಿಸುವ ನೆನಪಿನಲ್ಲಿ ಇಲ್ಲಿನ ಮೆಕ್ಸಿಕೋ ಕೊಲ್ಲಿಯ ಸಿಗಡಿಗೆ ಕಲ್ಲುಪ್ಪು, ಅರಿಶಿನ ಹಾಕಿ ಎರಡು ದಿನ ಫ್ರಿಜ್ಜಿನಲ್ಲಿಟ್ಟೆ. ಮಾಂಸ ಗಟ್ಟಿಯಾಗಿ ಗಾಳದ ಮೇಲೆ ಚೆನ್ನಾಗಿ ನಿಲ್ಲುತ್ತದೆ. ಸಣ್ಣ ಮೀನು ಕಿತ್ತು ತಿನ್ನಲು ಆಗುವುದಿಲ್ಲ. ಸ್ಪೆಕ್ ಮಾತ್ರ ಒಂದೂ ಮುಟ್ಟಲಿಲ್ಲ. ಹಾರ್ಡ್‌ಹೆಡ್ ಕ್ಯಾಟ್‌ಫಿಶ್ ಬೇಕಾದಷ್ಟು, ರೆಡ್ ಎರಡೋ ಮೂರೋ. ಅರಿಶಿನದಿಂದ ಲಾಭವೇನೂ ಕಾಣಲಿಲ್ಲ, ಉಪ್ಪಿನದ್ದೇ ಕೆಲಸ.

ನೀರು 65 ಡಿಗ್ರಿ ದಾಟಿದರೆ ಈ ಲೆಕ್ಕ ಮುಗಿಯಿತು. ವಸಂತದಲ್ಲಿ ಬೆಳಿಗ್ಗೆ ದಡದ ಹುಲ್ಲಿನಂಚಿನಲ್ಲಿ ಟಾಪ್‌ವಾಟರ್ (ಮೇಲೆ ತೇಲುವ ಲ್ಯೂರ್). ಬೇಸಿಗೆಯಲ್ಲಿ ಆಳದ ಸಿಂಪಿ ದಿಬ್ಬ, ಪಾಪಿಂಗ್ ಕಾರ್ಕ್ (ಜಗ್ಗಿದರೆ ಸದ್ದು ಮಾಡುವ ತೇಲುಬೆಂಡು); ಕಾಲು ಎಳೆದು ನಡೆಯಿರಿ, ತೊರಕೆ ಮೀನಿನ ಮುಳ್ಳು ಇದೆ, ಕಾಲಿನಲ್ಲಿ ಗಾಯವಿದ್ದರೆ ವಿಬ್ರಿಯೋ ಬ್ಯಾಕ್ಟೀರಿಯಾ ಭಯಕ್ಕೆ ಇಳಿಯಲೇಬೇಡಿ. ಸೆಪ್ಟೆಂಬರ್-ಅಕ್ಟೋಬರಿನ ಎತ್ತರದ ನೀರಿನಲ್ಲಿ ರೆಡ್ ಹುಲ್ಲಿನೊಳಗೆ ನುಗ್ಗುತ್ತದೆ, ಅರ್ಧ ಔನ್ಸ್ ಚಿನ್ನದ ಬಣ್ಣದ ಸ್ಪೂನ್ (ಚಮಚದಾಕಾರದ ಲೋಹದ ಲ್ಯೂರ್) ಸಾಕು. ರೆಡ್‌ನ ಬಾಯಿ ಕೆಳಮುಖ, ಅದರ ಮೂಗಿನ ಮುಂದೆ ತಳದಲ್ಲೇ ಎಳೆಯಿರಿ. ರೆಡ್ ಇಟ್ಟುಕೊಳ್ಳಲು ಮಿತಿ 20ರಿಂದ 28 ಇಂಚು, ದಿನಕ್ಕೆ ಮೂರು.

ಅಡುಗೆಯ ವಿಷಯಕ್ಕೆ ಬಂದರೆ, ಎರಡೂ ನಮ್ಮ ಕಲ್ಲೂರು ಮೀನಿನ ಕುಟುಂಬದವೇ. ಸ್ಪೆಕ್ ಮಾಂಸ ಬಲು ಮೃದು. ಹಿಡಿದ ಕೂಡಲೇ ಕಿವಿರು ಕೊಯ್ದು ರಕ್ತ ಬಸಿದು ಐಸ್ ನೀರಿಗೆ ಹಾಕದಿದ್ದರೆ ರವಾ ಫ್ರೈ ಹೊತ್ತಿಗೆ ಮುದ್ದೆಯಾಗುತ್ತದೆ. ಫ್ರೀಜರಿನಲ್ಲಿಟ್ಟರೂ ಹಾಗೆಯೇ, ಅವತ್ತೇ ತಿನ್ನಿ. ಪುಳಿಮುಂಚಿಗೆ ರೆಡ್ ಗಟ್ಟಿಯಾಗಿ ನಿಲ್ಲುತ್ತದೆ. ಸ್ಪೆಕ್ ಬೆನ್ನಿನ ಮಾಂಸದಲ್ಲಿ ಶಾವಿಗೆಯಂಥ ಬಿಳಿ ಹುಳು ಕಂಡರೆ ಮೀನು ಎಸೆಯಬೇಡಿ, ಈ ಕೊಲ್ಲಿಗಳಲ್ಲಿ ಅದು ಮಾಮೂಲು, ಮನುಷ್ಯರಿಗೆ ಅಪಾಯವಿಲ್ಲ. ಚಾಕುವಿನ ತುದಿಯಿಂದ ಎಳೆದರೆ ಉದ್ದಕ್ಕೆ ಬರುತ್ತದೆ.