ಓಟಗಾರರು ರಕ್ತ ಪರೀಕ್ಷೆಗೆ ಹೋಗುವ ಮುನ್ನ, ವರದಿ ಬಂದ ಮೇಲೆ

ವರದಿಯಲ್ಲಿ ವಯಸ್ಸು, ಲಿಂಗ, ರಕ್ತ ತೆಗೆದ ಹೊತ್ತು ಎಲ್ಲ ಇರುತ್ತದೆ. ಕೊನೆಯ ಸಲ ಯಾವಾಗ, ಎಷ್ಟು ದೂರ ಓಡಿದಿರಿ ಎನ್ನುವುದು ಮಾತ್ರ ಇರುವುದಿಲ್ಲ. ದೂರದ ಓಟ ಓಡುವವರ ವರದಿಯನ್ನು ಅದಿಲ್ಲದೆ ಓದಿದರೆ ಆರೋಗ್ಯವಂತರೂ ರೋಗಿಯಂತೆ ಕಾಣುತ್ತಾರೆ. ಹಾಗಾಗಿ ಅದನ್ನು ನೀವೇ ವರದಿಯ ಮೇಲೆ ಪೆನ್ನಿನಲ್ಲಿ ಬರೆದಿಡಿ.

ಮಾಮೂಲಿ ತಪಾಸಣೆಯಾದರೆ ಹಿಂದಿನ ಎರಡು ಮೂರು ದಿನ ಉದ್ದದ ಓಟವೂ ಬೇಡ, ಜೋರಿನ ಓಟವೂ ಬೇಡ. ಮ್ಯಾರಥಾನ್ ಓಡಿದ್ದರೆ ಒಂದೆರಡು ವಾರ ಕಾಯಿರಿ. ಬೆಳಗ್ಗೆ ಸಾಕಷ್ಟು ನೀರು ಕುಡಿದು ಹೋಗಿ, ಹತ್ತು ಹದಿನೈದು ನಿಮಿಷ ಕುಳಿತಿದ್ದು ರಕ್ತ ಕೊಡಿ. ನಿಂತೇ ಇದ್ದರೆ ರಕ್ತದ ನೀರಿನಂಶ ಕಾಲಿನ ಅಂಗಾಂಶಗಳಿಗೆ ಇಳಿದು ಹಿಮೋಗ್ಲೋಬಿನ್ ತುಸು ಹೆಚ್ಚು ಕಾಣುತ್ತದೆ. ಓಡಿದ ತಕ್ಷಣ ಬೆವರಿ ಬಂದು ಕೊಟ್ಟರೂ ಅದೇ ಕಥೆ.

ಒಂದೆರಡು ದಿನ ಕಳೆದರೆ ಲೆಕ್ಕ ತಿರುಗುತ್ತದೆ. ದೇಹ ನೀರು, ಉಪ್ಪು ಹಿಡಿದಿಟ್ಟುಕೊಂಡು ಪ್ಲಾಸ್ಮಾವನ್ನು, ಅಂದರೆ ರಕ್ತದ ದ್ರವಭಾಗವನ್ನು, ಹಿಗ್ಗಿಸುತ್ತದೆ. 5 ಲೀಟರ್ ರಕ್ತದಲ್ಲಿ 3 ಲೀಟರ್ ಪ್ಲಾಸ್ಮಾ, ಒಟ್ಟು 750 ಗ್ರಾಂ ಹಿಮೋಗ್ಲೋಬಿನ್ ಇದೆ ಎಂದುಕೊಳ್ಳಿ. ಡೆಸಿಲೀಟರಿಗೆ 15 ಗ್ರಾಂ ಆಯಿತು. ಪ್ಲಾಸ್ಮಾ ಶೇ 10 ಹೆಚ್ಚಿದರೆ ರಕ್ತ 5.3 ಲೀಟರ್, ಹಿಮೋಗ್ಲೋಬಿನ್ ಸುಮಾರು 14.2. ಒಂದು ಗ್ರಾಂ ಕೂಡ ಕಳೆದುಹೋಗಿಲ್ಲ, ಸಾರು ತೆಳುವಾಗಿದೆ ಅಷ್ಟೆ. ಇದಕ್ಕೆ ಚಿಕಿತ್ಸೆ ಬೇಡ. ತೆಳು ರಕ್ತ ಸಲೀಸಾಗಿ ಹರಿಯುತ್ತದೆ, ಹೃದಯ ಪ್ರತಿ ಬಡಿತಕ್ಕೆ ಹೆಚ್ಚು ರಕ್ತ ತಳ್ಳುತ್ತದೆ.

ನಿಜವಾದ ರಕ್ತಹೀನತೆಯೇ ಎಂದು ತಿಳಿಯಲು ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನನ್ನು ತೋರಿಸುವ ಪ್ರೋಟೀನು) ಮತ್ತು ಎಂಸಿವಿ (ಕೆಂಪು ಕಣಗಳ ಸರಾಸರಿ ಗಾತ್ರ) ನೋಡಬೇಕು. ಹಿಮೋಗ್ಲೋಬಿನ್ ಗಂಡಸರಲ್ಲಿ 13, ಗರ್ಭಿಣಿಯರಲ್ಲದ ಹೆಂಗಸರಲ್ಲಿ 12ಕ್ಕಿಂತ ಕೆಳಗಿದ್ದು, ಎಂಸಿವಿ 80ಕ್ಕಿಂತ ಕಡಿಮೆಯಾಗಿ, ಫೆರಿಟಿನ್ 15 ಕೂಡ ದಾಟದಿದ್ದರೆ ಅದು ಕಬ್ಬಿಣದ ಕೊರತೆಯೇ. ಓಟಗಾರರ ವಿಷಯದಲ್ಲಿ ಎಷ್ಟೋ ವೈದ್ಯರು ಫೆರಿಟಿನ್ 30ರ ಆಸುಪಾಸಿಗೆ ಬಂದಾಗಲೇ ಎಚ್ಚರಗೊಳ್ಳುತ್ತಾರೆ. ಮುಟ್ಟಿನ ರಕ್ತಸ್ರಾವ ಹೆಚ್ಚಿರುವವರಿಗೆ ಇದು ಸರಿಯಾದ ಎಚ್ಚರ. ಆದರೆ ಉರಿಯೂತವಿದ್ದಾಗ ಫೆರಿಟಿನ್ ಸುಳ್ಳು ಹೇಳುತ್ತದೆ: ಭಾರೀ ಓಟದ ಬೆನ್ನಿಗೇ ಅಳೆದರೆ ಖಾಲಿ ಉಗ್ರಾಣವೂ ತುಂಬಿದಂತೆ ಕಾಣಬಹುದು. ಜೊತೆಗೆ ಉರಿಯೂತ ಇದೆಯೇ ಎಂದು ತೋರಿಸುವ ಸಿಆರ್‌ಪಿ ಪರೀಕ್ಷೆಯನ್ನೂ ಮಾಡಿಸಿ.

ಕಬ್ಬಿಣದ ಮಾತ್ರೆ ಬರೆದುಕೊಟ್ಟರೆ ಹೊತ್ತು ನೋಡಿ ನುಂಗಿ. ಓಡಿದ 3ರಿಂದ 6 ಗಂಟೆಯ ನಡುವೆ ಹೆಪ್ಸಿಡಿನ್ ಎಂಬ ಹಾರ್ಮೋನು ಏರಿ, ಕಬ್ಬಿಣ ಒಳಬರುವ ಕರುಳಿನ ಬಾಗಿಲು ಮುಚ್ಚುತ್ತದೆ. ಆದ್ದರಿಂದ ಬೆಳಗ್ಗೆ, ಓಟಕ್ಕೆ ಮೊದಲು ಅಥವಾ ಮುಗಿದ ಅರ್ಧ ಗಂಟೆಯೊಳಗೆ ತೆಗೆದುಕೊಳ್ಳಿ. ಕಾಫಿ, ಟೀ ಜೊತೆ ಬೇಡ. ಹೊಟ್ಟೆಗೆ ಒಗ್ಗದಿದ್ದರೆ ದಿನ ಬಿಟ್ಟು ದಿನ ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಿ. ಪರೀಕ್ಷೆಯಿಲ್ಲದೆ ಸ್ವಂತವಾಗಿ ಶುರುಮಾಡಬೇಡಿ, ಕೆಲವರ ದೇಹದಲ್ಲಿ ಕಬ್ಬಿಣ ಮೊದಲೇ ಮಿತಿಮೀರಿರುತ್ತದೆ.

ಬಿಳಿ ರಕ್ತಕಣ ಮ್ಯಾರಥಾನಿನ ನಂತರ 15,000 ದಾಟುವುದುಂಟು. ಒತ್ತಡದ ಹಾರ್ಮೋನುಗಳು ಹೊರಗೆಳೆದ, ಬಿಳಿ ರಕ್ತಕಣಗಳ ಒಂದು ಬಗೆಯಾದ ನ್ಯೂಟ್ರೋಫಿಲ್‌ಗಳು ಅವು. ಜ್ವರವಿಲ್ಲದಿದ್ದರೆ ಒಂದೆರಡು ದಿನ ಬಿಟ್ಟು ಮತ್ತೆ ಎಣಿಸಿದರೆ ಸಾಕು. ಹೆಚ್ಚು ದಿಗಿಲು ಹುಟ್ಟಿಸುವುದು ಯಕೃತ್ತಿನಲ್ಲೂ ಸ್ನಾಯುವಿನಲ್ಲೂ ಇರುವ ಕಿಣ್ವಗಳಾದ ಎಎಸ್‌ಟಿ, ಎಎಲ್‌ಟಿ. ಯಕೃತ್ತು ಕೆಟ್ಟಿದೆ ಎಂದು ಸ್ಕ್ಯಾನಿಗೆ ಓಡುವ ಮುನ್ನ ಸಿಕೆ (ಸ್ನಾಯುವಿನ ಕಿಣ್ವ) ಮತ್ತು ಜಿಜಿಟಿ (ಸ್ನಾಯುವಿನಿಂದ ಬಾರದ, ಯಕೃತ್ತಿನ ಕಿಣ್ವ) ನೋಡಿಸಿ. ಸಿಕೆ ಏರಿ, ಜಿಜಿಟಿ ಸರಿಯಿದ್ದರೆ ಬಹುತೇಕ ಅದು ದಣಿದ ಸ್ನಾಯುವಿನಿಂದ ಸೋರಿದ್ದು. ಸಿಕೆ ಸಾಮಾನ್ಯವಾಗಿ ಒಂದರಿಂದ ಮೂರನೆಯ ದಿನದೊಳಗೆ ತುದಿ ಮುಟ್ಟುತ್ತದೆ.

ಅಂಗಾಲು ನೆಲಕ್ಕೆ ಬಡಿಯುವಾಗ ಒಂದಷ್ಟು ಕೆಂಪು ಕಣಗಳು ಒಡೆಯುತ್ತವೆ. ಹೊರಬಿದ್ದ ಹಿಮೋಗ್ಲೋಬಿನ್ನನ್ನು ಹ್ಯಾಪ್ಟೋಗ್ಲೋಬಿನ್ ಎಂಬ ರಕ್ತದ ಪ್ರೋಟೀನು ಬಾಚಿಕೊಳ್ಳುತ್ತದೆ. ಅದು ತೀರಿದರೆ ಮೂತ್ರ ಕೆಂಪಾಗಬಹುದು. ಹಾಗಾದರೆ ಓಟ ನಿಲ್ಲಿಸಿ ಮೂತ್ರ ಪರೀಕ್ಷೆ ಮಾಡಿಸಿ. ಮೂತ್ರ ಕೋಲಾ ಬಣ್ಣಕ್ಕೆ ತಿರುಗಿ, ಸ್ನಾಯು ಬಿಗಿದು ವಿಪರೀತ ನೋಯುತ್ತಿದ್ದರೆ ಮಾತ್ರ ವರದಿಗೆ ಕಾಯಬೇಡಿ. ನೋವಿನ ಮಾತ್ರೆ ಐಬುಪ್ರೊಫೇನ್ ನುಂಗದೆ ಆಗಲೇ ಆಸ್ಪತ್ರೆಗೆ ಹೋಗಿ: ಸ್ನಾಯು ಕರಗಿ ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತಿರಬಹುದು.