ರಚನೆ ನೋಡಿ, ನೀರಲ್ಲಿ ಕರಗುತ್ತದಾ ಹೇಳಿ

ಒಂದು ಸಾವಯವ (ಇಂಗಾಲ ಮೂಲದ) ಸಂಯುಕ್ತ ನೀರಲ್ಲಿ ಕರಗುತ್ತದಾ ಅಂತ ಕೇಳಿದರೆ ತುಂಬಾ ಜನ ‘ಧ್ರುವೀಯವಾಗಿದ್ದರೆ (ಅಣುವಿನ ಒಂದು ಬದಿ ಸ್ವಲ್ಪ ಋಣ, ಇನ್ನೊಂದು ಸ್ವಲ್ಪ ಧನವಾಗಿದ್ದರೆ) ಕರಗುತ್ತೆ’ ಅಂದು ಸುಮ್ಮನಾಗುತ್ತಾರೆ. ಅದು ಅರ್ಧ ಉತ್ತರ. ಕ್ಲೋರೋಫಾರ್ಮ್ ಧ್ರುವೀಯವೇ. ಆದರೂ ಒಂದು ಲೀಟರ್ ನೀರಲ್ಲಿ ಕರಗುವುದು ಸುಮಾರು 8 ಗ್ರಾಂ. ಮಿಕ್ಕಿದ್ದು ತಳದಲ್ಲಿ ಬೇರೆ ಪದರವಾಗಿ ಕೂರುತ್ತದೆ. ಹಾಗಾಗಿ ಅಣುವಿನ ರಚನೆಯನ್ನು ಕಾಗದದ ಮೇಲೆ ಬರೆದುಕೊಂಡೇ ಶುರು ಮಾಡಿ.

ಮೊದಲು ಬಂಧಗಳನ್ನು ನೋಡಿ. ಎಲೆಕ್ಟ್ರಾನುಗಳನ್ನು ತನ್ನ ಕಡೆ ಎಳೆಯುವ ಶಕ್ತಿ, ಪೌಲಿಂಗ್ ಎಂಬ ಮಾಪಕದಲ್ಲಿ, ಇಂಗಾಲಕ್ಕೆ 2.55, ಹೈಡ್ರೋಜನ್ನಿಗೆ 2.20. ಇವೆರಡರ ನಡುವೆ ಹೆಚ್ಚು ಎಳೆದಾಟವಿಲ್ಲ. ಆಮ್ಲಜನಕದ್ದು 3.44. ಅದು ಸೇರಿದ ಕಡೆ ಬಂಧದ ಒಂದು ತುದಿ ಸ್ವಲ್ಪ ಋಣ, ಇನ್ನೊಂದು ಸ್ವಲ್ಪ ಧನವಾಗುತ್ತದೆ.

ಆಮೇಲೆ ಆಕಾರ. ಕಾರ್ಬನ್ ಟೆಟ್ರಾಕ್ಲೋರೈಡಿನ ನಾಲ್ಕೂ ಬಂಧಗಳು ಧ್ರುವೀಯ. ಆದರೆ ನಾಲ್ಕು ದಿಕ್ಕಿಗೂ ಸಮನಾಗಿ ಎಳೆಯುವುದರಿಂದ ಒಟ್ಟು ಲೆಕ್ಕ ಸೊನ್ನೆ, ಇಡೀ ಅಣು ಧ್ರುವೀಯವಲ್ಲ.

ಮೂರನೆಯ ಪ್ರಶ್ನೆ: ನೀರಿನ ಜೊತೆ ಹೈಡ್ರೋಜನ್ ಬಂಧ (ಒಂದು ಅಣುವಿನ ಸ್ವಲ್ಪ ಧನವಾದ ಹೈಡ್ರೋಜನ್ನಿಗೂ ಇನ್ನೊಂದರ ಆಮ್ಲಜನಕದಂಥ ಪರಮಾಣುವಿಗೂ ನಡುವಿನ ಸೆಳೆತ) ಸಾಧ್ಯವೇ? ನೀರಿನ ಅಣುಗಳು ಒಂದನ್ನೊಂದು ಗಟ್ಟಿಯಾಗಿ ಹಿಡಿದಿರುತ್ತವೆ. ಹೊಸ ಅಣು ನಡುವೆ ನುಗ್ಗಬೇಕಾದರೆ ಆ ಹಿಡಿತಕ್ಕೆ ಬದಲಾಗಿ ಏನಾದರೂ ಕೊಡಬೇಕಲ್ವಾ? ಕ್ಲೋರೋಫಾರ್ಮ್ ಸೋಲುವುದು ಇಲ್ಲೇ, ಅದು ಕೊಡುವ ಹಿಡಿತ ತೀರಾ ದುರ್ಬಲ. ಅಸಿಟೋನಿನಲ್ಲಿ ಓಎಚ್ ಗುಂಪು (ಆಮ್ಲಜನಕಕ್ಕೆ ಅಂಟಿದ ಹೈಡ್ರೋಜನ್) ಇಲ್ಲದಿದ್ದರೂ ಅದರ ಆಮ್ಲಜನಕ ನೀರಿನ ಹೈಡ್ರೋಜನನ್ನು ಹಿಡಿದುಕೊಳ್ಳುತ್ತದೆ. ಎಷ್ಟು ಹಾಕಿದರೂ ಬೆರೆಯುತ್ತದೆ.

ಈಗ ಇಂಗಾಲಗಳನ್ನು ಎಣಿಸಿ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಮುಖ್ಯವಾದ ಹೆಜ್ಜೆ ಇದು, ಜಾಸ್ತಿ ಜನ ಬಿಟ್ಟುಬಿಡುವುದೂ ಇದನ್ನೇ. ಒಂದು, ಎರಡು, ಮೂರು ಇಂಗಾಲದ ಮೆಥನಾಲ್, ಎಥನಾಲ್, ಪ್ರೊಪನಾಲ್ ನೀರಿನ ಜೊತೆ ಯಾವ ಪ್ರಮಾಣದಲ್ಲಾದರೂ ಸೇರುತ್ತವೆ. ನಾಲ್ಕು ಇಂಗಾಲದ 1-ಬ್ಯೂಟನಾಲ್ ಲೀಟರಿಗೆ 70 ಗ್ರಾಂ ಚಿಲ್ಲರೆ. ಐದಾದರೆ ಸುಮಾರು 22, ಆರಾದರೆ ಸುಮಾರು 6. ಎಂಟು ಇಂಗಾಲದ ಆಕ್ಟನಾಲ್ ಅರ್ಧ ಗ್ರಾಮಿನ ಆಸುಪಾಸು. ಓಎಚ್ ಎಲ್ಲದರಲ್ಲೂ ಒಂದೇ, ಇಂಗಾಲದ ಬಾಲ ಮಾತ್ರ ಉದ್ದವಾಗುತ್ತಾ ಹೋಯಿತು. ಒಂದು ಓಎಚ್ ಮೂರ್ನಾಲ್ಕು ಇಂಗಾಲಗಳನ್ನು ನೀರಿಗೆ ಎಳೆದುಕೊಳ್ಳಬಲ್ಲದು ಅಂತ ಅಂದಾಜು ಇಟ್ಟುಕೊಳ್ಳಿ. ಗ್ಲೂಕೋಸಿನಲ್ಲಿ ಆರು ಇಂಗಾಲ ಇದ್ದರೂ ಐದು ಓಎಚ್ ಇವೆ, ಅದಕ್ಕೇ ಸಲೀಸಾಗಿ ಕರಗುತ್ತದೆ.

ಈ ಅಂದಾಜು ಕೈಕೊಡುವುದೂ ಉಂಟು. ಟರ್ಷಿಯರಿ ಬ್ಯೂಟನಾಲಿನದು 1-ಬ್ಯೂಟನಾಲಿನದೇ ಸೂತ್ರ, ಆದರೆ ಅದು ನೀರಲ್ಲಿ ಪೂರ್ತಿ ಬೆರೆಯುತ್ತದೆ. ಬಾಲ ಚಾಚಿಕೊಳ್ಳದೆ ಉಂಡೆಗಟ್ಟಿರುವುದರಿಂದ ನೀರಿಗೆ ಒಡ್ಡಿಕೊಳ್ಳುವ ಇಂಗಾಲದ ಮೈ ಕಡಿಮೆ.

ಕೊನೆಗೆ, ಅಣುವಿಗೆ ಪೂರ್ತಿ ವಿದ್ಯುದಾವೇಶ ಬರಬಹುದಾ ನೋಡಿ. ಬೆಂಜೋಯಿಕ್ ಆಮ್ಲ 25 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 3.4 ಗ್ರಾಂ ಕರಗುತ್ತದೆ. ಅದೇ ಆಮ್ಲ ಋಣಾವೇಶ ಪಡೆದು ಸೋಡಿಯಂ ಲವಣವಾದರೆ 500 ಗ್ರಾಮಿಗೂ ಜಾಸ್ತಿ! ಪ್ರಯೋಗಾಲಯದಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಬೆಂಜೋಯಿಕ್ ಆಮ್ಲ ಮತ್ತು ನ್ಯಾಫ್ತಲೀನ್ ಎರಡನ್ನೂ ಈಥರಿನಲ್ಲಿ ಕರಗಿಸಿ, ಬೇರ್ಪಡಿಸುವ ಆಲಿಕೆಗೆ (ತಳದಲ್ಲಿ ನಲ್ಲಿ ಇರುವ ಗಾಜಿನ ಪಾತ್ರೆ) ಹಾಕಿ. ಸುತ್ತ ಎಲ್ಲೂ ಬೆಂಕಿ ಇರಬಾರದು, ಈಥರ್ ಆವಿ ಬೇಗ ಹೊತ್ತಿಕೊಳ್ಳುತ್ತದೆ. ತೆಳುವಾದ (ಹೆಚ್ಚು ನೀರು ಬೆರೆಸಿದ) ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣ ಸೇರಿಸಿ ಕುಲುಕಿ, ಆಗಾಗ ಆಲಿಕೆಯನ್ನು ತಲೆಕೆಳಗಾಗಿ ಹಿಡಿದು ನಲ್ಲಿ ತೆರೆದು ಒತ್ತಡ ಬಿಡಿ. ಆಮ್ಲ ಲವಣವಾಗಿ ಕೆಳಗಿನ ನೀರಿಗೆ ಇಳಿಯುತ್ತದೆ, ಆವೇಶ ಬರದ ನ್ಯಾಫ್ತಲೀನ್ ಮೇಲಿನ ಈಥರಿನಲ್ಲೇ ಉಳಿಯುತ್ತದೆ. ಆ ನೀರನ್ನು ಬೇರೆ ಬೀಕರಿಗೆ ಇಳಿಸಿಕೊಂಡು ಹೈಡ್ರೋಕ್ಲೋರಿಕ್ ಆಮ್ಲವನ್ನು ಹನಿಹನಿಯಾಗಿ ಬಿಡಿ. ತಿಳಿಯಾಗಿದ್ದ ದ್ರಾವಣ ಬೆಳ್ಳಗಾಗಿ, ಲವಣ ಮತ್ತೆ ಬೆಂಜೋಯಿಕ್ ಆಮ್ಲವಾಗಿ ಹರಳುಗಟ್ಟಿ ತಳ ಸೇರುತ್ತದೆ. ಸೋಸಿಕೊಂಡರೆ ಆಯಿತು.